ಒಬ್ಬನಿಗೆ ಊಟ, ಇನ್ನೊಬ್ಬನಿಗೆ ಡ್ಯೂಟಿ

ಕೇಳುಗರಿಗೆ ನಮಸ್ಕಾರ.

ಕೆಲವು ಸಿನಿಮಾಗಳ ಹೆಸರು ಎಷ್ಟು ಸಲ ಕಿವಿಗೆ ಬಿದ್ದಿರುತ್ತದೆ ಅಂದರೆ, ನೋಡದೇ ಇದ್ದರೂ ನೋಡಿದ್ದೇವೆ ಅನ್ನಿಸಿಬಿಡುತ್ತದೆ. ನನಗೆ ‘ದ ಫ್ರೆಂಚ್ ಕನೆಕ್ಷನ್’ ಹಾಗಿತ್ತು. 1971ರ ಅಮೆರಿಕನ್ ಚಿತ್ರ, ನಿರ್ದೇಶಕ ವಿಲಿಯಂ ಫ್ರೀಡ್ಕಿನ್, ಐದು ಆಸ್ಕರ್. ಮೊನ್ನೆ ಮೊದಲ ಸಲ ಕೂತು ಪೂರ್ತಿ ನೋಡಿದೆ.

ಕಥೆ ಸರಳ. ಫ್ರಾನ್ಸಿನ ಮಾರ್ಸೇ ಬಂದರಿನಿಂದ ನ್ಯೂಯಾರ್ಕಿಗೆ ಹೆರಾಯಿನ್ ಎಂಬ ಮಾದಕವಸ್ತು ಬರುತ್ತಿದೆ. ಡಾಯ್ಲ್, ರುಸ್ಸೊ ಅನ್ನುವ ಇಬ್ಬರು ಪೊಲೀಸರು ಅದರ ಬೆನ್ನು ಹತ್ತುತ್ತಾರೆ. ಎಲ್ಲರೂ ಹೊಗಳುವುದು ಇದರ ಕಾರ್ ಚೇಸನ್ನು. ಬ್ರೂಕ್ಲಿನ್‌ನಲ್ಲಿ ಮೇಲೆ ಕಂಬಗಳ ಮೇಲಿನ ಹಳಿಯಲ್ಲಿ ರೈಲು, ಕೆಳಗೆ ರಸ್ತೆಯಲ್ಲಿ ಡಾಯ್ಲ್ ಓಡಿಸುವ ಕಾರು. ಕೆಲವು ಭಾಗ ಚಿತ್ರೀಕರಿಸುವಾಗ ಹಿಂದಿನ ಸೀಟಿನಲ್ಲಿ ಕ್ಯಾಮೆರಾ ಹಿಡಿದು ಕೂತಿದ್ದವರು ಸ್ವತಃ ಫ್ರೀಡ್ಕಿನ್. ಮೈ ಜುಮ್ಮೆನ್ನುತ್ತದೆ, ಸುಳ್ಳಲ್ಲ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಕಾಯುವ ದೃಶ್ಯ. ನ್ಯೂಯಾರ್ಕಿನ ಚಳಿಗಾಲ. ಹೋಟೆಲಿನ ಗಾಜಿನಾಚೆ ಬೆಚ್ಚಗೆ ಕೂತು ಷಾರ್ನಿಯೇ ಎಂಬ ಫ್ರೆಂಚ್ ಕಳ್ಳದೊರೆ ಒಂದಾದ ಮೇಲೊಂದು ತಿನಿಸು ತರಿಸಿಕೊಂಡು ತಿನ್ನುತ್ತಿದ್ದಾನೆ. ಎದುರು ಫುಟ್‌ಪಾತಿನಲ್ಲಿ ಡಾಯ್ಲ್ ನಡುಗುತ್ತಾ ನಿಂತಿದ್ದಾನೆ. ಅವನ ಪಾಲಿಗೆ ಒಂದು ತುಂಡು ಪಿಜ್ಜಾ, ಕಾಗದದ ಲೋಟದಲ್ಲಿ ಕಾಫಿ. ಅದೂ ಬಾಯಿಗಿಡುವಂತಿಲ್ಲ, ನೆಲಕ್ಕೆ ಚೆಲ್ಲುತ್ತಾನೆ. ಮಾತೇ ಇಲ್ಲ. ಅವನ ಹಟ ಎಲ್ಲಿಂದ ಬರುತ್ತದೆ ಅಂತ ಅಲ್ಲೇ ಗೊತ್ತಾಗಿಬಿಡುತ್ತದೆ. ಮುಂದೆ ಅದೇ ಷಾರ್ನಿಯೇ ಮೆಟ್ರೊ ರೈಲಿಗೆ ಹತ್ತಿ, ಇಳಿದು, ಮತ್ತೆ ಹತ್ತಿ, ಡಾಯ್ಲ್‌ನನ್ನು ಪ್ಲಾಟ್‌ಫಾರ್ಮಿನಲ್ಲೇ ಬಿಟ್ಟು, ಕಿಟಕಿಯಿಂದ ಕೈ ಬೀಸಿ ಹೋಗುತ್ತಾನೆ. ಮೈ ಉರಿಯದೆ ಇರುತ್ತದಾ?

ಇದು ನಿಜವಾಗಿ ನಡೆದ ಕೇಸನ್ನು ಆಧರಿಸಿದ ಚಿತ್ರ. ಎಡ್ಡಿ ಈಗನ್, ಸನ್ನಿ ಗ್ರೊಸ್ಸೊ ಎಂಬ ಇಬ್ಬರು ಪತ್ತೇದಾರರೇ ಮೂಲ. ಇಬ್ಬರೂ ಚಿತ್ರದಲ್ಲಿ ಸಣ್ಣ ಪಾತ್ರ ಮಾಡಿದ್ದಾರೆ. ತಮಾಷೆ ನೋಡಿ, ಡಾಯ್ಲ್ ಪಾತ್ರಕ್ಕೆ ಮೂಲವಾದ ಈಗನ್ನೇ ಇಲ್ಲಿ ಡಾಯ್ಲ್‌ಗೆ ಮೇಲಧಿಕಾರಿ. ತನ್ನನ್ನು ತಾನೇ ಗದರಿಸಿಕೊಂಡಂತೆ!

ಡಾಯ್ಲ್ ಒಳ್ಳೆಯವನಾ? ಅಲ್ಲವೇ ಅಲ್ಲ. ಬಾಯಿ ಹೊಲಸು, ಕರಿಯರನ್ನು ಕಂಡರೆ ತಾತ್ಸಾರ, ಸಿಕ್ಕವರ ಮೇಲೆ ಕೈ. ಡಾಯ್ಲ್ ಪಾತ್ರ ಮಾಡಿದ ಜೀನ್ ಹ್ಯಾಕ್‌ಮನ್ ಎಲ್ಲೂ ಅವನ ಪರ ವಕಾಲತ್ತು ವಹಿಸುವುದಿಲ್ಲ. ಕೊನೆಯಲ್ಲಿ ಕತ್ತಲಲ್ಲಿ ಕಳ್ಳನೆಂದು ಗುಂಡು ಹಾರಿಸಿದರೆ, ಬೀಳುವವನು ಜೊತೆಯ ಅಧಿಕಾರಿ. ಡಾಯ್ಲ್ ನಿಲ್ಲುವುದೂ ಇಲ್ಲ. ಮತ್ತೆ ಗುಂಡು ತುಂಬಿಕೊಂಡು ಮುಂದೆ ಹೋಗುತ್ತಾನೆ. ಹೀರೊ ಅಂತ ಚಪ್ಪಾಳೆ ತಟ್ಟಲು ಸಿದ್ಧವಾದ ಕೈ ಅಲ್ಲೇ ನಿಲ್ಲುತ್ತದೆ. ನನಗೆ ಚಿತ್ರ ಹಿಡಿಸಿದ್ದೂ ಅದಕ್ಕೇ.

ಆಮೇಲೆ ತೆರೆಯ ಮೇಲೆ ಅಕ್ಷರ ಮೂಡುತ್ತದೆ. ಷಾರ್ನಿಯೇ ಸಿಗಲೇ ಇಲ್ಲ. ಡಾಯ್ಲ್, ರುಸ್ಸೊ ಇಬ್ಬರಿಗೂ ಮಾದಕವಸ್ತು ವಿಭಾಗದಿಂದ ಎತ್ತಂಗಡಿ. ನೋಡುವುದಾದರೆ ಮಕ್ಕಳು ಮಲಗಿದ ಮೇಲೆ ನೋಡಿ, ಬೈಗುಳ ಸ್ವಲ್ಪ ಜಾಸ್ತಿನೇ ಇದೆ. ನಮಸ್ಕಾರ.