ಪಾಠ ಬಾಯಿಪಾಠ, ಓದು ಮಾತ್ರ ಬರಲ್ಲ: ಮಕ್ಕಳಲ್ಲಿ ಡಿಸ್ಲೆಕ್ಸಿಯಾ

[ತೆರೆಯ ಮೇಲೆ: ಮೂರನೇ ಕ್ಲಾಸಿನ ಉಕ್ತಲೇಖನದ ಮಾದರಿ ಪುಟ]

ಟೀಚರ್ ಹೇಳಿದ್ದು 'ಅಕ್ಕ', ಮಗು ಬರೆದಿರೋದು 'ಅಕ'. 'ಶಾಲೆ' ಹೋಗಿ 'ಶಲೆ' ಆಗಿದೆ. 'ವಿಜ್ಞಾನ' ಎರಡು ಕಡೆ ಎರಡು ಥರ. ಕೆಳಗೆ ಕೆಂಪು ಇಂಕಲ್ಲಿ ಷರಾ: 'ಗಮನವಿಲ್ಲ'.

ಗಮನ ಇಲ್ಲದೆಯೂ ಹೀಗಾಗಬಹುದು. ಆದ್ರೆ ವರ್ಷವಿಡೀ ಹೀಗೇ ನಡೀತಿದ್ರೆ ಡಿಸ್ಲೆಕ್ಸಿಯಾ ಇದೆಯಾ ಅಂತ ನೋಡಿಸಬೇಕು. ಮಾತಿನ ದನಿಗಳನ್ನ ಬಿಡಿಸಿ, ಅಕ್ಷರಕ್ಕೆ ಹೊಂದಿಸೋ ಕೆಲಸ ಈ ಮಕ್ಕಳ ಮೆದುಳಿಗೆ ಕಷ್ಟ. ಬುದ್ಧಿ ಕಮ್ಮಿ ಅಂತಲ್ಲ. ಕನ್ನಡಕ ಹಾಕಿಸಿದ್ರೆ ಹೋಗೋದೂ ಅಲ್ಲ. ಅಪ್ಪ ಅಮ್ಮನಿಗಿದ್ರೆ ಮಕ್ಕಳಿಗೂ ಬರೋ ಸಾಧ್ಯತೆ ಜಾಸ್ತಿ.

ಇಂಗ್ಲಿಷಿನ ಬಿ, ಡಿ ತಿರುಗಿಸಿ ಬರೆದ ತಕ್ಷಣ ಗಾಬರಿಯಾಗೋರಿದ್ದಾರೆ. ಅಕ್ಷರ ಕಲಿಯೋ ವಯಸ್ಸಲ್ಲಿ ಎಷ್ಟೋ ಮಕ್ಕಳು ಹಾಗೆ ಮಾಡ್ತಾರೆ. ಕನ್ನಡದಲ್ಲಿ ಒತ್ತಕ್ಷರ, ದೀರ್ಘ ನೋಡಿ. ಮಹಾಪ್ರಾಣ ನಮ್ಮಲ್ಲಿ ದೊಡ್ಡವರೂ ತಪ್ತಾರೆ, ಅದು ಬಿಡಿ. ತಪ್ಪಿಗಿಂತ ಹೆಚ್ಚಾಗಿ ಗಮನಿಸಬೇಕಾದ್ದು ನಿಧಾನ: ಒಂದೊಂದೇ ಅಕ್ಷರ ಕೂಡಿಸ್ಕೊಂಡು ಸಾಲಿನ ಕೊನೆಗೆ ಬರೋ ಹೊತ್ತಿಗೆ ಶುರುವಲ್ಲಿ ಏನಿತ್ತು ಅನ್ನೋದೇ ಮರೆತಿರತ್ತೆ.

ಜಾಣ ಮಕ್ಕಳು ಇದನ್ನ ಚೆನ್ನಾಗಿ ಮುಚ್ಚಿಡ್ತಾರೆ. ಪಾಠ ಪೂರ್ತಿ ಬಾಯಿಪಾಠ! ಆದ್ರೆ ಬೆರಳು ಒಂದು ಪದದ ಮೇಲೆ, ಬಾಯಿ ಇನ್ನೊಂದರ ಮೇಲೆ. ನಡುವಿನ ಯಾವುದೋ ಪದ ತೋರಿಸಿ "ಇದೇನು ಪುಟ್ಟಾ?" ಅಂತ ಕೇಳಿ. ಮೊದಲ ಸಾಲಿಂದ ಹೇಳ್ಕೊಂಡು ಬಂದು ಅಲ್ಲಿ ನಿಲ್ಲತ್ತೆ.

ಶಾಲೆಗೆ ಮುಂಚೆಯೂ ಸುಳಿವಿರತ್ತೆ: ಮಾತು ತಡ, ಪ್ರಾಸ ಹಿಡಿಯಕ್ಕಾಗಲ್ಲ, ವಾರದ ಹೆಸರು ಕ್ರಮವಾಗಿ ಬರಲ್ಲ.

ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ಡಿಸ್ಲೆಕ್ಸಿಯಾ ಇದೆಯಾ ಅಂತ ನೋಡಿಸೋಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. ಮನೇಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್ ಆದ್ರೆ ಎರಡೂ ಭಾಷೆಯ ಓದನ್ನ ನೋಡಿ ಅಂತ ಹೇಳಿ. ಇಂಗ್ಲಿಷ್ ಒಂದೇ ಬರ್ತಿಲ್ಲ ಅಂದ್ರೆ ಕಾರಣ ಬೇರೆ ಇರಬಹುದು.

ಗುಳಿಗೆ ಇಲ್ಲ. ದನಿ, ಅಕ್ಷರ ಜೋಡಿಸೋದನ್ನ ಮೊದಲಿಂದ, ಹಂತಹಂತವಾಗಿ ಕಲಿಸಬೇಕು. 'ಹತ್ತು ಸಲ ಬರಿ' ಅನ್ನೋ ಟ್ಯೂಷನ್‌ನಿಂದ ಕೈ ನೋಯತ್ತೆ, ಅಷ್ಟೇ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯನ್ನೂ ಒಳಗೊಂಡಿದೆ. ಸರ್ಟಿಫಿಕೇಟ್ ಇದ್ರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆಯೋಕೆ ಸಹಾಯಕರು ಸಿಗ್ತಾರೆ. ಅರ್ಜಿ ಹೋಗೋದು ಶಾಲೆಯ ಮೂಲಕ. ಪರೀಕ್ಷೆ ಹತ್ತಿರ ಬಂದಾಗ ಓಡಾಡೋ ಬದಲು ಒಂಬತ್ತನೇ ಕ್ಲಾಸಲ್ಲೇ ಹೆಡ್‌ಮಾಸ್ಟರ್ ಹತ್ರ ಮಾತಾಡಿ.