ಒಂದನೇ ಕಾರ್ಡು, ನಾನೂರ ಏಳನೇ ಕಾರ್ಡು

ಕೇಳುಗರಿಗೆ ನಮಸ್ಕಾರ.

ಅಂಗೈಯೊಳಗೆ ಹಿಡಿಸುವ ಒಂದು ರಟ್ಟಿನ ಚೀಟಿ. ಮುಂಬದಿಯಲ್ಲಿ ಆಟಗಾರನ ಬಣ್ಣದ ಚಿತ್ರ. ಮಗುಚಿದರೆ ಅವನ ಊರು, ಎತ್ತರ, ತೂಕ, ಚೆಂಡೆಸೆಯುವ ಕೈ ಯಾವುದು ಎಂಬ ವಿವರ, ನಾಲ್ಕಾರು ಸಾಲಿನ ಜೀವನಕಥೆ, ಅದರ ಕೆಳಗೆ ಕಳೆದ ವರ್ಷದ ಮತ್ತು ಅಲ್ಲಿಯವರೆಗಿನ ಒಟ್ಟು ಆಟದ ಲೆಕ್ಕ. 1952ರಲ್ಲಿ ಅಮೆರಿಕದ ಹುಡುಗರು ಐದು ಸೆಂಟ್ ಕೊಟ್ಟು ಚೂಯಿಂಗ್ ಗಮ್ ಕೊಂಡಾಗ ಜೊತೆಗೆ ಸಿಗುತ್ತಿದ್ದ ಬೇಸ್‌ಬಾಲ್ ಕಾರ್ಡು ಇದು. ಹೊರತಂದದ್ದು ಬ್ರೂಕ್ಲಿನ್‌ನ ಟಾಪ್ಸ್ ಕಂಪನಿ. ಅಲ್ಲಿನ ಸೈ ಬರ್ಗರ್ ಎಂಬವರು ಸಹೋದ್ಯೋಗಿ ವುಡಿ ಗೆಲ್ಮನ್ ಜೊತೆ ತಮ್ಮ ಮನೆಯ ಅಡುಗೆಮನೆ ಮೇಜಿನ ಮೇಲೆ ಇದರ ವಿನ್ಯಾಸ ಮಾಡಿದರು. ಒಟ್ಟು 407 ಕಾರ್ಡು.

ಇವುಗಳಲ್ಲಿ ಜಗತ್ತೆಲ್ಲ ಬಲ್ಲದ್ದು 311ನೇ ಸಂಖ್ಯೆಯ, ನ್ಯೂಯಾರ್ಕ್ ಯಾಂಕೀಸ್ ತಂಡದ ಆಟಗಾರ ಮಿಕಿ ಮ್ಯಾಂಟಲ್ ಕಾರ್ಡು. 2022ರಲ್ಲಿ ಅದರ ಒಂದು ಪ್ರತಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಅದು ಪತ್ರಿಕೆಗಳಲ್ಲಿ ಬಂದ ಸುದ್ದಿ. ನನ್ನ ಮನಸ್ಸು ಹೋಗುವುದು ಒಂದನೇ ಸಂಖ್ಯೆಯ ಕಡೆಗೆ.

ಒಂದನೇ ಕಾರ್ಡಿನಲ್ಲಿರುವವರು ಆಂಡಿ ಪಾಫ್ಕೊ. ವಿಸ್ಕಾನ್ಸಿನ್ ರಾಜ್ಯದ ಬಾಯ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ 1921ರಲ್ಲಿ, ಸ್ಲೊವಾಕ್ ವಲಸಿಗರ ಮನೆಯಲ್ಲಿ ಹುಟ್ಟಿದವರು. ಶಿಕಾಗೊ ಕಬ್ಸ್ ತಂಡಕ್ಕೆ ಆಡಿ 1950ರಲ್ಲಿ 36 ಹೋಮ್ ರನ್ ಹೊಡೆದರು. ಹೋಮ್ ರನ್ ಅಂದರೆ ನಮ್ಮ ಕ್ರಿಕೆಟ್ಟಿನ ಸಿಕ್ಸರ್ ಇದ್ದಂತೆ ಅಂದುಕೊಳ್ಳಿ, ಆದರೆ ಅದಕ್ಕಿಂತ ಬಹಳ ಅಪರೂಪ. ಮರುವರ್ಷ ನಡುಋತುವಿನಲ್ಲೇ ಅವರನ್ನು ಬ್ರೂಕ್ಲಿನ್ ಡಾಡ್ಜರ್ಸ್‌ಗೆ ಕೊಟ್ಟುಬಿಟ್ಟರು.

ಹೊಸ ತಂಡ ಸೇರಿದ ಆ ವರ್ಷವೇ, 1951ರ ಅಕ್ಟೋಬರ್ 3ರಂದು, ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್‌ನಲ್ಲಿ ಜೈಂಟ್ಸ್ ವಿರುದ್ಧ ನಿರ್ಣಾಯಕ ಪಂದ್ಯ. ಕೊನೆಯ ಇನ್ನಿಂಗ್ಸ್. ಡಾಡ್ಜರ್ಸ್ 4–2ರಿಂದ ಮುಂದೆ. ರಾಲ್ಫ್ ಬ್ರಾಂಕಾ ಎಸೆದ ಚೆಂಡನ್ನು ಬಾಬಿ ಥಾಮ್ಸನ್ ಎಡಗಡೆಗೆ ಬೀಸಿ ಹೊಡೆದರು. ಆ ಎಡಗಡೆ ಕಾಯುತ್ತಿದ್ದವರು ಪಾಫ್ಕೊ. ಹಿಂದೆ ಓಡಿದರು, ಗೋಡೆ ಸಿಕ್ಕಿತು, ಚೆಂಡು ತಲೆಯ ಮೇಲೆ ಹಾದು ಪ್ರೇಕ್ಷಕರ ನಡುವೆ ಬಿತ್ತು. 5–4. ಡಾಡ್ಜರ್ಸ್ ಪಾಲಿಗೆ ಆ ವರ್ಷದ ಆಟ ಮುಗಿಯಿತು.

ಬಾನುಲಿಯಲ್ಲಿ ಮಾತನಾಡುತ್ತಿರುವುದರಿಂದ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಆ ಗಳಿಗೆಯಲ್ಲಿ ವೀಕ್ಷಕ ವಿವರಣೆಗಾರ ರಸ್ ಹಾಜಸ್, ಜೈಂಟ್ಸ್ ಗೆದ್ದರು ಎಂದು ಒಂದೇ ಸಮನೆ ಕೂಗಿದ್ದು ಇಂದಿಗೂ ಕೇಳಸಿಗುತ್ತದೆ. ಅದು ಉಳಿದದ್ದು ಒಬ್ಬ ಅಭಿಮಾನಿಯಿಂದ. ಕೆಲಸಕ್ಕೆ ಹೋಗಲೇಬೇಕಾಗಿದ್ದ ಆತ, ಕೊನೆಯ ಭಾಗವನ್ನು ಟೇಪ್ ಮಾಡಿಡು ಎಂದು ತಾಯಿಗೆ ಹೇಳಿಹೋಗಿದ್ದ. ಆ ತಾಯಿ ಮರೆಯಲಿಲ್ಲ.

ಮರುವರ್ಷ ಕಾರ್ಡು ಬಂದಾಗ ಪಾಫ್ಕೊ ಸಂಖ್ಯೆ ಒಂದು. ಹುಡುಗರು ಕಾರ್ಡುಗಳನ್ನು ಸಂಖ್ಯೆಯ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ಜೇಬಿಗೆ ತುರುಕುತ್ತಿದ್ದರು. ಮೇಲಿದ್ದ ಪಾಫ್ಕೊಗೆ ಎಲ್ಲ ಏಟೂ. ಅಂಚು ಹರಿಯಿತು, ಮೂಲೆ ಮಡಿಸಿತು, ಬೆವರು ಹತ್ತಿತು, ರಬ್ಬರು ಗೆರೆ ಕೊರೆಯಿತು. ಹಾಗಾಗಿ ಕಲೆಯಿಲ್ಲದ ಪಾಫ್ಕೊ ಕಾರ್ಡು ಸಿಗುವುದೇ ದುರ್ಲಭ. ಅಂಥದೊಂದು 1998ರಲ್ಲಿ 80 ಸಾವಿರ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಸವೆದ ಕಾರ್ಡು ಅಗ್ಗ, ಹೊಸದರಂತಿರುವುದು ದುಬಾರಿ. ಸಂಗ್ರಹಕಾರರ ಲೆಕ್ಕ ಅದು. ನನಗಂತೂ ಆ ಸವೆದದ್ದೇ ಹೆಚ್ಚು ಪ್ರಿಯ. ಯಾವುದೋ ಹುಡುಗನ ಜೇಬಿನಲ್ಲಿ ಇಡೀ ಬೇಸಿಗೆ ಕಳೆದ ಕಾರ್ಡು ಅದು.

ಆ ಕಟ್ಟಿನ ತಳದಲ್ಲಿ 407ನೇ ಕಾರ್ಡು, ಎಡ್ಡಿ ಮ್ಯಾಥ್ಯೂಸ್. ಆಗ ಇಪ್ಪತ್ತು ವರ್ಷದ ಹುಡುಗ, ಬಾಸ್ಟನ್ ಬ್ರೇವ್ಸ್ ತಂಡಕ್ಕೆ ಹೊಸಬ. ಕೊನೆಯ ಕಂತಿನ ಕಾರ್ಡುಗಳು ಅಂಗಡಿಗೆ ಬರುವ ಹೊತ್ತಿಗೆ ಬೇಸ್‌ಬಾಲ್ ಋತು ಮುಗಿಯುತ್ತ ಬಂದಿತ್ತು, ಹುಡುಗರ ಗಮನ ಫುಟ್‌ಬಾಲ್ ಕಡೆ ಹೊರಳಿತ್ತು. ಮಾರಾಟವಾಗದೆ ಗೋದಾಮಿನಲ್ಲಿ ಬಿದ್ದಿದ್ದವನ್ನು 1960ರಲ್ಲಿ ಹಡಗಿಗೆ ತುಂಬಿಸಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದೆವೆಂದು ಬರ್ಗರ್ ಅವರೇ ಹೇಳಿದ್ದಾರೆ. ಮ್ಯಾಂಟಲ್ ಇದ್ದದ್ದೂ ಅದೇ ಕಂತಿನಲ್ಲಿ. 313ನೇ ಸಂಖ್ಯೆಯಲ್ಲಿ ಬಾಬಿ ಥಾಮ್ಸನ್ ಕೂಡ.

ಕಾರ್ಡಿನ ಹಿಂಬದಿಯ ಕಥೆ 1952ಕ್ಕೇ ನಿಂತುಬಿಡುತ್ತದೆ. ಮ್ಯಾಥ್ಯೂಸ್ ಮುಂದೆ 512 ಹೋಮ್ ರನ್ ಹೊಡೆಯುತ್ತಾರೆ, 1978ರಲ್ಲಿ ಬೇಸ್‌ಬಾಲಿನ ಶ್ರೇಷ್ಠರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರುತ್ತಾರೆ ಎಂಬುದು ಆ ರಟ್ಟಿಗೆ ಗೊತ್ತಿಲ್ಲ. ಪಾಫ್ಕೊ 1953ರಲ್ಲಿ ಅದೇ ಬ್ರೇವ್ಸ್ ತಂಡ ಸೇರುತ್ತಾರೆಂಬುದೂ ಗೊತ್ತಿಲ್ಲ. ಆ ವರ್ಷವೇ ತಂಡ ಮಿಲ್ವಾಕಿಗೆ, ಅಂದರೆ ಪಾಫ್ಕೊ ಹುಟ್ಟಿದ ವಿಸ್ಕಾನ್ಸಿನ್‌ಗೇ ಬಂತು. ಕಟ್ಟಿನ ಮೇಲಿನವರೂ ತಳದವರೂ ಏಳು ವರ್ಷ ಒಂದೇ ಅಂಗಿ ತೊಟ್ಟರು. 1957ರ ಅಕ್ಟೋಬರ್ 10ರಂದು ವರ್ಷದ ಚಾಂಪಿಯನ್ನರನ್ನು ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದಲ್ಲಿ, ಮೂರೂ ಬೇಸ್‌ಗಳಲ್ಲಿ, ಅಂದರೆ ಓಟಗಾರ ಮುಟ್ಟುತ್ತ ಸಾಗಬೇಕಾದ ನೆಲೆಗಳಲ್ಲಿ, ಎದುರಾಳಿ ಯಾಂಕೀಸ್ ಓಟಗಾರರು ನಿಂತಿದ್ದಾಗ, ಮ್ಯಾಥ್ಯೂಸ್ ನೆಲದ ಮೇಲೆ ರಭಸದಿಂದ ಬಂದ ಚೆಂಡನ್ನು ಹಿಡಿದು ಮೂರನೇ ಬೇಸ್ ಮೆಟ್ಟಿ ಓಟಗಾರನನ್ನು ಔಟ್ ಮಾಡಿದರು. ಬ್ರೇವ್ಸ್ ಗೆದ್ದಿತು. ಆರು ವರ್ಷದ ಹಿಂದೆ ಗೋಡೆಗೆ ಬೆನ್ನು ಕೊಟ್ಟು ಚೆಂಡು ಹಾರಿಹೋಗುವುದನ್ನು ನೋಡಿದ್ದ ಪಾಫ್ಕೊ ಆ ತಂಡದಲ್ಲಿದ್ದರು.

ನಮಸ್ಕಾರ.