ಬೇರೆಯವನ ಲೆಕ್ಕಕ್ಕೆ ಬಿದ್ದ ರನ್

ಕೇಳುಗರಿಗೆ ನಮಸ್ಕಾರ. ಬೇಸ್‌ಬಾಲ್‌ನಲ್ಲಿ ಬ್ಯಾಟರ್‌ಗೆ ಚೆಂಡೆಸೆಯುವವನು ಪಿಚರ್. ಆಟ ಶುರುಮಾಡುವ ಪಿಚರ್‌ಗೆ ಸ್ಟಾರ್ಟರ್ ಎನ್ನುತ್ತಾರೆ. ಅವನು ದಣಿದಾಗ, ಇಲ್ಲವೇ ಹೊಡೆತ ತಿನ್ನತೊಡಗಿದಾಗ, ಮ್ಯಾನೇಜರ್ ಅವನನ್ನು ಕೂರಿಸಿ ಬೇರೊಬ್ಬನನ್ನು ಕಳಿಸುತ್ತಾನೆ. ಹಾಗೆ ಬಂದವನು ರಿಲೀಫ್ ಪಿಚರ್. ಒಂದೇ ಆಟದಲ್ಲಿ ನಾಲ್ಕೈದು ಜನ ಚೆಂಡೆಸೆದಾಗ ಗೆಲುವು ಯಾರ ಹೆಸರಿಗೆ, ರನ್ ಯಾರ ತಲೆಗೆ ಎಂದು ಹಂಚುವುದು ಅಧಿಕೃತ ಸ್ಕೋರರ್‌ನ ಕೆಲಸ. ವಿಚಿತ್ರಗಳೆಲ್ಲ ಹುಟ್ಟುವುದು ಈ ಹಂಚಿಕೆಯಲ್ಲಿ.

ಒಂದು ಆಟ ಊಹಿಸಿಕೊಳ್ಳಿ. ತವರು ತಂಡ 4–2ರಿಂದ ಮುಂದಿದೆ. ಸ್ಟಾರ್ಟರ್ ಆರು ಇನ್ನಿಂಗ್ಸ್ ಎಸೆದು 2 ರನ್ ಕೊಟ್ಟಿದ್ದಾನೆ. ಪಿಚರ್‌ನ ಹೊಣೆಗೆ ಸೇರಿದ ರನ್‌ಗಳನ್ನು 9ರಿಂದ ಗುಣಿಸಿ, ಅವನೆಸೆದ ಇನ್ನಿಂಗ್ಸ್‌ನಿಂದ ಭಾಗಿಸಿದರೆ ಇ.ಆರ್.ಎ. ಸಿಗುತ್ತದೆ, ಅಂದರೆ ಒಂಬತ್ತು ಇನ್ನಿಂಗ್ಸ್‌ನ ಒಂದು ಪೂರ್ತಿ ಆಟಕ್ಕೆ ಅವನು ಕೊಡುವ ರನ್‌ಗಳ ಸರಾಸರಿ. ಇವನದು 3.00. ಏಳನೆಯ ಇನ್ನಿಂಗ್ಸ್‌ನಲ್ಲಿ ಅವನು ಯಾರನ್ನೂ ಔಟ್ ಮಾಡದೆ ಎರಡು ಹಿಟ್ ಕೊಟ್ಟ. ಮೊದಲ ಮತ್ತು ಎರಡನೇ ಬೇಸ್‌ನಲ್ಲಿ ರನ್ನರ್‌ಗಳು. ಮೂರು ಬೇಸ್ ದಾಟಿ ‘ಮನೆ’ ಮುಟ್ಟಿದರೆ ಒಂದು ರನ್. ಈಗ ರಿಲೀಫ್ ಪಿಚರ್ ಬಂದ. ಅವನ ಮೊದಲ ಬ್ಯಾಟರೇ ಬೇಲಿಯತ್ತ ಡಬಲ್ ಹೊಡೆದ (ತಾನು ಎರಡನೇ ಬೇಸ್ ಮುಟ್ಟುವಂಥ ಹೊಡೆತ), ಇಬ್ಬರೂ ಓಡಿ ಬಂದರು, ಆಟ 4–4. ಆಮೇಲೆ ಸಾಲಾಗಿ ಮೂವರು ಔಟ್, ಅಲ್ಲಿಗೆ ಎದುರಾಳಿಯ ಸರದಿ ಮುಗಿಯಿತು. ಅದೇ ಇನ್ನಿಂಗ್ಸ್‌ನ ಕೆಳ ಅರ್ಧದಲ್ಲಿ, ಅಂದರೆ ತನ್ನ ಬ್ಯಾಟಿಂಗ್ ಸರದಿಯಲ್ಲಿ, ತವರು ತಂಡ ಇನ್ನೊಂದು ರನ್ ಗಳಿಸಿತು. ಆಮೇಲೆ ಯಾರೂ ರನ್ ಗಳಿಸದೆ ಕೊನೆಗೆ ಅದು 5–4ರಿಂದ ಗೆದ್ದಿತು.

ಸ್ಕೋರ್‌ಪಟ್ಟಿ ನೋಡಿ. ಬೇಸ್‌ಗೆ ಬಿಟ್ಟವನು ಸ್ಟಾರ್ಟರ್, ಆದ್ದರಿಂದ ಆ ಎರಡು ರನ್ ಅವನವೇ. ಡಗ್‌ಔಟ್‌ನಲ್ಲಿ ಕೂತಿದ್ದಂತೆಯೇ ಅವನ ಇ.ಆರ್.ಎ. 3.00ರಿಂದ 6.00ಕ್ಕೆ ಏರಿತು, ಕೈಗೆ ಬಂದಿದ್ದ ಗೆಲುವೂ ಹೋಯಿತು. ಡಬಲ್ ಕೊಟ್ಟವನಿಗೆ ಆ ದಿನದ ಇ.ಆರ್.ಎ. 0.00. ಮುನ್ನಡೆ ಕಳೆದದ್ದಕ್ಕೆ ‘ಬ್ಲೋನ್ ಸೇವ್’ ಎಂಬ ಒಂದು ಕಪ್ಪುಚುಕ್ಕೆ ಬಿತ್ತು ನಿಜ, ಆದರೆ ತಂಡ ಮತ್ತೆ ಮುಂದೆ ಹೋದಾಗ ಪಿಚರ್ ಅವನೇ ಆಗಿದ್ದರಿಂದ ಗೆಲುವೂ ಅವನಿಗೇ! ರಿಲೀಫ್ ಪಿಚರ್ ಅಲ್ಪಕಾಲ ಎಸೆದು ಕೆಡಿಸಿದ್ದರೆ ಗೆಲುವನ್ನು ಇನ್ನೊಬ್ಬನಿಗೆ ಕೊಡುವ ಅಧಿಕಾರ ಸ್ಕೋರರ್‌ಗಿದೆ. ಆದರೆ ಅದು ಸಾಮಾನ್ಯವಾಗಿ ಒಂದು ಇನ್ನಿಂಗ್ಸ್‌ಗಿಂತ ಕಡಿಮೆ ಎಸೆದವನಿಗೆ. ಇವನು ಪೂರ್ತಿ ಒಂದು ಇನ್ನಿಂಗ್ಸ್ ಎಸೆದಿದ್ದಾನೆ. ಹಾಗಾಗಿ ರಿಲೀಫ್ ಪಿಚರ್‌ನ ಬೆಲೆ ಕಟ್ಟುವಾಗ ಇ.ಆರ್.ಎ. ಪಕ್ಕದಲ್ಲಿ ಇನ್ನೊಂದು ಸಾಲು ನೋಡಲೇಬೇಕು: ಬಂದಾಗ ಬೇಸ್‌ನಲ್ಲಿದ್ದವರೆಷ್ಟು, ಅವರಲ್ಲಿ ಮನೆ ಮುಟ್ಟಿದವರೆಷ್ಟು. ಇವನದು ಎರಡಕ್ಕೆ ಎರಡು.

ಈ ಗೊಂದಲ ಹಳೆಯದು. 1959ರಲ್ಲಿ ಪಿಟ್ಸ್‌ಬರ್ಗ್ ತಂಡದ ರಿಲೀಫ್ ಪಿಚರ್ ರಾಯ್ ಫೇಸ್ 18 ಗೆದ್ದು 1 ಸೋತ. ಎಷ್ಟೋ ಸಲ ಇದ್ದ ಮುನ್ನಡೆ ಕಳೆದು, ತಂಡದ ಬ್ಯಾಟರ್‌ಗಳ ದಯೆಯಿಂದ ಗೆದ್ದವನು ಆತ. ಷಿಕಾಗೋದ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್ ಇದಕ್ಕೆ ಮದ್ದೆಂದು ‘ಸೇವ್’ ಲೆಕ್ಕ ಶುರುಮಾಡಿದರು. 1969ರಲ್ಲಿ ಅದು ಅಧಿಕೃತವಾಯಿತು, ಈಗಿನ ನಿಯಮ 1975ರದು. ಗೆದ್ದ ಆಟವನ್ನು ಮುಗಿಸಿದ, ಗೆಲುವು ತನ್ನ ಹೆಸರಿಗೆ ಬರದ ಪಿಚರ್‌ಗೆ ಸೇವ್ ಸಿಗಲು ಮೂರು ದಾರಿಗಳಿವೆ. ಹೆಚ್ಚೆಂದರೆ 3 ರನ್ ಮುನ್ನಡೆಯಲ್ಲಿ ಬಂದು ಒಂದು ಇನ್ನಿಂಗ್ಸ್ ಎಸೆಯಬೇಕು. ಇಲ್ಲವೇ ಸಮ ಮಾಡಬಲ್ಲ ರನ್ನರ್ ಬೇಸ್‌ನಲ್ಲೋ, ಬ್ಯಾಟ್ ಹಿಡಿದೋ, ಮುಂದಿನ ಸರದಿಯಲ್ಲೋ ಇರುವಾಗ ಬರಬೇಕು. ಇಲ್ಲವೇ ಕೊನೆಯ ಮೂರು ಇನ್ನಿಂಗ್ಸ್ ಪರಿಣಾಮಕಾರಿಯಾಗಿ ಎಸೆಯಬೇಕು.

ಮದ್ದೇ ಈಗ ಕಾಯಿಲೆ. 3 ರನ್ ಮುನ್ನಡೆಯಲ್ಲಿ ಬಂದು ಪ್ರತಿ ಸಲ 2 ರನ್ ಕೊಡುವವನ ಇ.ಆರ್.ಎ. 18.00, ಅಂಥವನನ್ನು ಯಾವ ತಂಡವೂ ಇಟ್ಟುಕೊಳ್ಳದು. ಆದರೂ ಅವನ ಸೇವ್ ದಾಖಲೆ ನೂರಕ್ಕೆ ನೂರು. ಮೂರನೆಯ ದಾರಿಯ ಫಲ ಕಾಣಬೇಕೆಂದರೆ 2007ರ ಆಗಸ್ಟ್ 22ಕ್ಕೆ ಹೋಗಬೇಕು. ಟೆಕ್ಸಸ್ ರೇಂಜರ್ಸ್ ಬಾಲ್ಟಿಮೋರ್ ತಂಡವನ್ನು 30–3ರಿಂದ ಸದೆಬಡಿಯಿತು, ಕೊನೆಯ ಮೂರು ಇನ್ನಿಂಗ್ಸ್ ಎಸೆದ ವೆಸ್ ಲಿಟಲ್‌ಟನ್‌ಗೆ ಸೇವ್ ಸಿಕ್ಕಿತು. ಉಳಿಸಿದ್ದೇನು ಎಂದು ಕೇಳಬೇಡಿ.

ನಗು ಬಾರದ ಪರಿಣಾಮವೂ ಉಂಟು, ಮ್ಯಾನೇಜರ್‌ಗಳು ಅಂಕಿಗೆ ತಕ್ಕಂತೆ ಆಡತೊಡಗುತ್ತಾರೆ. 2016ರಲ್ಲಿ ಬಾಲ್ಟಿಮೋರ್‌ನ ಝ್ಯಾಕ್ ಬ್ರಿಟನ್ 47 ಅವಕಾಶಗಳಲ್ಲಿ 47 ಸೇವ್ ಮಾಡಿದ್ದ, ಇ.ಆರ್.ಎ. ಕೇವಲ 0.54. ಟೊರಾಂಟೋದಲ್ಲಿ ನಡೆದ ವೈಲ್ಡ್ ಕಾರ್ಡ್ ಆಟ ಸಮವಾಗಿ 11ನೇ ಇನ್ನಿಂಗ್ಸ್‌ವರೆಗೆ ಎಳೆಯಿತು. ಸೋತರೆ ಋತುವೇ ಮುಗಿಯಿತು. ಮುನ್ನಡೆ ಬರಲೆಂದು ಅವನನ್ನು ಕಾಯ್ದಿರಿಸಲಾಯಿತು, ಮುನ್ನಡೆ ಬರಲೇ ಇಲ್ಲ. ಉಬಾಲ್ಡೋ ಹಿಮೆನೆಸ್ ಎಸೆತಕ್ಕೆ ಎಡ್ವಿನ್ ಎನ್‌ಕಾರ್ನಾಸಿಯೋನ್ 3 ರನ್ನಿನ ಹೋಂ ರನ್ ಹೊಡೆದಾಗ ಬ್ರಿಟನ್ ಒಂದು ಚೆಂಡನ್ನೂ ಎಸೆದಿರಲಿಲ್ಲ.

ಸೇವ್‌ಗೆ ಮುಂಚೆ ಬರುವವರಿಗೆ ‘ಹೋಲ್ಡ್’ ಎಂಬ ಅನಧಿಕೃತ ಅಂಕಿ ಇದೆ. ಒಬ್ಬನನ್ನು ಔಟ್ ಮಾಡಿ, ಮುನ್ನಡೆ ಉಳಿದಿರುವಾಗ, ಬೇಸ್ ತುಂಬ ರನ್ನರ್‌ಗಳನ್ನು ಬಿಟ್ಟು ಹೊರಟರೂ ಹೋಲ್ಡ್ ಖಚಿತ. ಆ ರನ್ನರ್‌ಗಳಿಂದಲೇ ಆಟ ಸೋತರೆ ಒಂದೇ ಸಂಜೆ ಹೋಲ್ಡೂ ಅವನದೇ, ಸೋಲೂ ಅವನದೇ. ಏನೂ ಎಸೆಯದೆ ಗೆದ್ದವರೂ ಇದ್ದಾರೆ: 2009ರ ಜುಲೈ 7ರಂದು ಕೊಲರಾಡೋದ ಆ್ಯಲನ್ ಎಂಬ್ರೀ ಮೊದಲ ಬೇಸ್‌ನ ರನ್ನರ್ ಸಿಕ್ಕಿಬೀಳುವಂತೆ ಮಾಡಿ ಇನ್ನಿಂಗ್ಸ್ ಮುಗಿಸಿದ, ಬಳಿಕ ತಂಡ ಮುಂದೆ ಹೋಯಿತು. ಬ್ಯಾಟರ್‌ಗೆ ಒಂದು ಚೆಂಡನ್ನೂ ಎಸೆಯದೆ ಗೆಲುವು ಬಂತು.

ಅಂಕಿ ಓದುವವರಿಗೆ ಎರಡು ಎಚ್ಚರಿಕೆ. 6.1 ಎಂದರೆ ಆರು ಇನ್ನಿಂಗ್ಸ್ ಮತ್ತು ಒಂದು ಔಟ್, ಅಂದರೆ ಆರೂ ಮೂರನೇ ಒಂದು. ಕ್ರಿಕೆಟ್ ಓವರಿನ ಚುಕ್ಕೆಯ ಹಾಗೆ ಇದೂ ದಶಮಾಂಶವಲ್ಲ. ಹಾಗೆಯೇ ಭಾಗಿಸಿದರೆ ಲೆಕ್ಕ ತಪ್ಪುತ್ತದೆ. ಎರಡನೆಯದು, ರಿಲೀಫ್ ಪಿಚರ್ ಇಡೀ ಋತುವಿನಲ್ಲಿ ಎಸೆಯುವುದು ಸುಮಾರು 60 ಇನ್ನಿಂಗ್ಸ್. 15 ರನ್ ಕೊಟ್ಟಿದ್ದರೆ 2.25. ಒಂದು ಕೆಟ್ಟ ರಾತ್ರಿ ಒಬ್ಬನನ್ನಷ್ಟೇ ಔಟ್ ಮಾಡಿ 5 ರನ್ ಕೊಟ್ಟರೆ ಅದು 2.98ಕ್ಕೆ ಜಿಗಿಯುತ್ತದೆ.

2020ರಿಂದ ಇನ್ನೊಂದು ವಿಚಿತ್ರ ಸೇರಿದೆ. ಸಾಮಾನ್ಯ ಋತುವಿನ ಆಟ ಹತ್ತನೇ ಇನ್ನಿಂಗ್ಸ್‌ಗೆ ಹೋದರೆ ಎರಡನೇ ಬೇಸ್‌ನಲ್ಲಿ ಒಬ್ಬ ರನ್ನರ್‌ನನ್ನು ಪುಕ್ಕಟೆ ನಿಲ್ಲಿಸುತ್ತಾರೆ. ಮೊದಲ ಬ್ಯಾಟರ್ ನೆಲದ ಹೊಡೆತಕ್ಕೆ ಔಟ್, ರನ್ನರ್ ಮೂರಕ್ಕೆ ಸರಿದ. ಎರಡನೆಯವನು ಎತ್ತರದ ಕ್ಯಾಚ್ ಕೊಟ್ಟು ಔಟ್, ರನ್ನರ್ ಮನೆ ಸೇರಿದ. ಮೂರನೆಯವನೂ ಔಟ್. ಹಿಟ್ ಇಲ್ಲ, ಕೆಟ್ಟ ಎಸೆತಗಳಿಂದ ಬ್ಯಾಟರ್‌ಗೆ ಪುಕ್ಕಟೆ ಬೇಸ್ ಕೊಡುವ ವಾಕ್ ಇಲ್ಲ, ಎದುರಿಸಿದ ಮೂವರೂ ಔಟ್. ಆ ರನ್ ಇ.ಆರ್.ಎ.ಗೆ ಸೇರುವುದಿಲ್ಲ. ತಂಡ ತಿರುಗಿ ರನ್ ಗಳಿಸದಿದ್ದರೆ ಸೋಲು ಮಾತ್ರ ಅವನ ಹೆಸರಿಗೇ.